ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಸೈಕಲ್ ಸಾಕೇ, ಭಾರವನ್ನೂ ಎತ್ತಬೇಕೇ?

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಪ್ರಶ್ನೆ: ನನಗೆ 44 ವರ್ಷ. ಚಿಕ್ಕಬಳ್ಳಾಪುರದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಏಳು ತಿಂಗಳ ಹಿಂದೆ, ತೂಕ ಇಳಿಸಲು ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. 128 ಕಿಲೋ ಇದ್ದವನು ಈಗ 96ಕ್ಕೆ ಇಳಿದಿದ್ದೇನೆ. ಗೇರ್ ಸೈಕಲ್ ಕೊಂಡು ಬೆಳಿಗ್ಗೆ ಮುದ್ದೇನಹಳ್ಳಿಯ ಕಡೆ ಹೋಗಿಬರುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ನಂದಿ ಬೆಟ್ಟ ಹತ್ತಬೇಕೆಂಬ ಆಸೆಯಿದೆ. ಜಿಮ್‌ನ ಹುಡುಗರು ಸೈಕಲ್ ಸಾಲದು, ಭಾರವನ್ನೂ ಎತ್ತಿ ಎನ್ನುತ್ತಾರೆ. ಹೊಟ್ಟೆ ಕೊಯ್ಸಿಕೊಂಡವನು ಅಕ್ಕಿ ಮೂಟೆ ಮುಟ್ಟಬಾರದು ಎಂದು ಅಮ್ಮ ಹೇಳುತ್ತಾರೆ. ಮೊನ್ನೆ ಸೈಕಲ್ ಇಳಿದು ಕಬ್ಬಿನ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿ, ಮೈ ಬೆವತು, ತಲೆ ಸುತ್ತಿತು. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೊದಲಿನಂತೆಯೇ ನುಂಗುತ್ತಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ: ನೀವು ಕೊನೆಗೆ ಬರೆದಿರುವ ಮಾತ್ರೆಗಳ ವಿಷಯ ನಂದಿ ಬೆಟ್ಟಕ್ಕಿಂತ ತುರ್ತಿನದಾದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. 128 ಕಿಲೋ ತೂಕವಿದ್ದಾಗ ಬರೆದುಕೊಟ್ಟ ಮಾತ್ರೆಗಳ ಪ್ರಮಾಣ, 32 ಕಿಲೋ ಕಳೆದುಕೊಂಡು ಮೊದಲಿನ ಅರ್ಧದಷ್ಟೂ ಊಟ ಮಾಡದ ದೇಹಕ್ಕೆ ಹೆಚ್ಚಾಗುವ ಸಾಧ್ಯತೆ ಬಹಳ. ಗ್ಲಿಮೆಪಿರೈಡ್‌ನಂಥ ಮಾತ್ರೆಯಾಗಲಿ, ಇನ್ಸುಲಿನ್ ಆಗಲಿ ಇದ್ದರೆ ವ್ಯಾಯಾಮದ ಸಮಯದಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯಿದ್ದರೆ ಬೆವರಿನ ಜೊತೆ ನೀರಿನ ಅಂಶವೂ ಇಳಿದು ತಲೆ ಸುತ್ತಬಹುದು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಆದರೆ ಈ ವಾರವೇ ವೈದ್ಯರನ್ನು ಕಂಡು ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳಿ. ಅಲ್ಲಿಯವರೆಗೆ ಒಬ್ಬರೇ ದೂರ ಹೋಗಬೇಡಿ.

ಕಬ್ಬಿನ ಹಾಲಿನಿಂದ ಆದದ್ದನ್ನು ಡಂಪಿಂಗ್ ಎನ್ನುತ್ತಾರೆ. ತೂಕ ಇಳಿಸಲು ಜಠರವನ್ನು ಕಿರಿದಾಗಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ (ಹೃದಯದ ಬೈಪಾಸ್ ಅಲ್ಲ) ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಲ್ಲೂ ಆಗುತ್ತದೆ. ಕಿರಿದಾದ ಜಠರದಿಂದ ಸಿಹಿ ದ್ರವ ಒಮ್ಮೆಲೇ ಕರುಳಿಗೆ ಇಳಿದಾಗ ಕರುಳು ಮೈಯೊಳಗಿನ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ; ಹೃದಯ ವೇಗವಾಗಿ ಬಡಿದುಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಾಣಿಸಿಕೊಂಡರೆ, ಇದರ ಇನ್ನೊಂದು ರೂಪ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಸಕ್ಕರೆಯನ್ನು ಎದುರಿಸಲು ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಹೊರಬಂದು ಸಕ್ಕರೆ ಕುಸಿದು ಕೈಕಾಲು ನಡುಗುತ್ತದೆ. ಕಬ್ಬಿನ ಹಾಲು, ಗ್ಲೂಕೋಸ್ ನೀರು, ಬಾಟಲಿಯಲ್ಲಿ ಸಿಗುವ ಆಟಗಾರರ ಸಿಹಿ ಪಾನೀಯ, ಮೂರೂ ಈ ವಿಷಯದಲ್ಲಿ ಒಂದೇ. ಸೈಕಲ್ ಮೇಲೆ ನೀರನ್ನೋ ಉಪ್ಪು ಹಾಕಿದ ತಿಳಿ ಮಜ್ಜಿಗೆಯನ್ನೋ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿಯಿರಿ. ಬಾಯಾರಿದಾಗ ಒಂದು ಚೊಂಬು ಗಟಗಟ ಕುಡಿಯುವ ಹಳೆಯ ರೂಢಿ ಈಗಿನ ಜಠರಕ್ಕೆ ಒಗ್ಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದಿರುವುದು ಗ್ಲುಕೋಮೀಟರಿನಲ್ಲಿ ಕಂಡರೆ, ಆಗ ಸಿಹಿಯೇ ಔಷಧ, ಹಿಂಜರಿಯಬಾರದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಶಸ್ತ್ರಚಿಕಿತ್ಸೆಯ ಮೊದಲ ವರ್ಷದಲ್ಲಿ ತೂಕ ಇಳಿಯುವುದು ಮುಖ್ಯವಾಗಿ ಊಟ ಕಡಿಮೆಯಾಗಿರುವುದರಿಂದ ಮತ್ತು ಹಸಿವಿನ ಹಾರ್ಮೋನು ತಗ್ಗಿರುವುದರಿಂದ. ಸೈಕಲ್ ತುಳಿದರೂ ತುಳಿಯದಿದ್ದರೂ ಅದು ಬಹುಮಟ್ಟಿಗೆ ಇಳಿಯುತ್ತದೆ. ತಕ್ಕಡಿಯ ಮೇಲೆ ಕಾಣದ ಸಂಗತಿಯೆಂದರೆ, ಇಳಿದ ಕಿಲೋಗಳಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವಿನ ಪಾಲೂ ಇರುತ್ತದೆ, ಮೂಳೆಯ ಸಾಂದ್ರತೆಯೂ ತಗ್ಗುತ್ತದೆ. ಸೈಕಲ್ ಹೃದಯಕ್ಕೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು, ಮಂಡಿಗೂ ಹೊರೆಯಲ್ಲ. ಆದರೆ ಮೈಯ ಭಾರವನ್ನು ಸೀಟು ಹೊತ್ತುಕೊಳ್ಳುವುದರಿಂದ ಮೂಳೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ತೋಳು ಬೆನ್ನುಗಳಿಗಂತೂ ಇಲ್ಲವೇ ಇಲ್ಲ. ಆದ್ದರಿಂದ ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ನಾನು ಭಾರ ಎತ್ತುವುದನ್ನೇ ಆರಿಸುತ್ತೇನೆ. ಸೈಕಲ್ ಪ್ರಿಯರಿಗೆ ಈ ಮಾತು ಹಿಡಿಸುವುದಿಲ್ಲವೆಂದು ಬಲ್ಲೆ.

ನಿಮ್ಮ ತಾಯಿಯವರ ಮಾತು ಮೊದಲ ತಿಂಗಳುಗಳಿಗೆ ಅಕ್ಷರಶಃ ಸರಿಯಾಗಿತ್ತು. ಆರು ವಾರಗಳವರೆಗೆ ಭಾರ ಎತ್ತಿದರೆ ಹೊಟ್ಟೆಯ ಗಾಯದ ಜಾಗದಲ್ಲಿ ಹರ್ನಿಯಾ ಆಗುವ ಅಪಾಯವಿರುತ್ತದೆ. ಏಳು ತಿಂಗಳಾದ ಮೇಲೆ, ಗಾಯದ ಹತ್ತಿರ ಉಬ್ಬು ಅಥವಾ ನೋವು ಇಲ್ಲವೆಂದು ನಿಮ್ಮ ಶಸ್ತ್ರಚಿಕಿತ್ಸಕರು ನೋಡಿ ಹೇಳಿದರೆ ಆ ನಿರ್ಬಂಧ ಉಳಿಯುವುದಿಲ್ಲ. ಹಾಗೆಂದು ಮೊದಲ ದಿನವೇ ಮೂಟೆಗೆ ಕೈ ಹಾಕಬೇಡಿ. ವಾರಕ್ಕೆ ಎರಡು ದಿನ, ನಡುವೆ ಒಂದೆರಡು ದಿನ ಬಿಟ್ಟು, ಕುರ್ಚಿಯಲ್ಲಿ ಕುಳಿತು ಏಳುವ ಬಸ್ಕಿ, ಗೋಡೆಗೆ ಕೈಯೂರಿ ಹಾಕುವ ದಂಡ, ಮೆಟ್ಟಿಲು ಹತ್ತುವುದು, ರಬ್ಬರ್ ಪಟ್ಟಿಯನ್ನು ಎದೆಯತ್ತ ಎಳೆಯುವುದು, ಎರಡೂ ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ನೆಟ್ಟಗೆ ನಡೆಯುವುದು, ಇಷ್ಟು ಸಾಕು. ಎಂಟರಿಂದ ಹನ್ನೆರಡು ಸಲ ಮಾಡಿ, ಇನ್ನೆರಡು ಸಲ ಮಾಡಬಹುದೆನ್ನಿಸುವಾಗಲೇ ನಿಲ್ಲಿಸಿ. ಎತ್ತುವಾಗ ಉಸಿರು ಬಿಡಿ, ಉಸಿರು ಕಟ್ಟಿ ಮುಕ್ಕಿರಿಯಬೇಡಿ. ಹನ್ನೆರಡು ಸುಲಭವಾದ ಮೇಲೆ ಭಾರವನ್ನು ಸ್ವಲ್ಪ ಏರಿಸಿ. ಭಾರ ಏರದ ವ್ಯಾಯಾಮದಿಂದ ಸ್ನಾಯು ಬೆಳೆಯುವುದಿಲ್ಲ.

ನಂದಿ ಬೆಟ್ಟದ ಲೆಕ್ಕವನ್ನೂ ನೋಡೋಣ. 1478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಬುಡದಿಂದ ನಾನೂರು ಮೀಟರಿಗೂ ಹೆಚ್ಚು ಏರಬೇಕು. ನಿಮ್ಮ ತೂಕಕ್ಕೆ ಸೈಕಲ್ಲಿನ ತೂಕ ಸೇರಿಸಿದರೆ ಹತ್ತುವುದಕ್ಕೇ ಅಂದಾಜು 500 ಕ್ಯಾಲೊರಿ ಖರ್ಚಾಗುತ್ತದೆ. ನಿಮ್ಮ ಹಂತದಲ್ಲಿ ಬಹಳಷ್ಟು ಜನರ ಇಡೀ ದಿನದ ಊಟವೇ ಸಾವಿರ ಕ್ಯಾಲೊರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಈ ಸಂಕ್ರಾಂತಿಗೆ ಬೇಡ ಎಂಬುದೇ ನನ್ನ ಸಲಹೆ, ಮುಂದಿನದಕ್ಕೆ ಆದೀತು. ಈಗ ಸಮತಟ್ಟಿನ ಹಾದಿಯಲ್ಲಿ, ಮಾತನಾಡುತ್ತ ತುಳಿಯಬಹುದಾದ ವೇಗದಲ್ಲಿ, ಹಗುರ ಗೇರ್‌ನಲ್ಲಿ ಕಾಲು ಚುರುಕಾಗಿ ಆಡಿಸುತ್ತ ಮುಕ್ಕಾಲು ಗಂಟೆಯವರೆಗೆ ಹೋಗಿಬನ್ನಿ. ಗಂಟೆ ಮೀರಿದರೆ ಹೊರಡುವ ಮೊದಲು ಅರ್ಧ ಬಾಳೆಹಣ್ಣು, ನಾಲ್ಕು ಕಡಲೆಬೀಜ ತಿನ್ನಿ. ಶನಿವಾರ, ಭಾನುವಾರ ಬೆಂಗಳೂರಿನಿಂದ ನಂದಿಯ ಕಡೆ ಬರುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಳ್ಳಬೇಡಿ. ಮುಂದೆ ಬೆಟ್ಟ ಹತ್ತಿದ ದಿನ ಇಳಿಯುವಾಗಲೇ ಹೆಚ್ಚು ಎಚ್ಚರವಿರಲಿ: ಭಾರವಿರುವ ಸವಾರನಿಗೆ ಬ್ರೇಕ್ ಬೇಗ ಕಾಯುತ್ತದೆ, ತಿರುವುಗಳೂ ಕಡಿದಾಗಿವೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಶಿಕ್ಷಕಿಯಾಗಿದ್ದೇನೆ, ವಯಸ್ಸು 38, ಸಸ್ಯಾಹಾರಿ. ಬೈಪಾಸ್ ಶಸ್ತ್ರಚಿಕಿತ್ಸೆ ಆಗಿ ಒಂದೂವರೆ ವರ್ಷವಾಯಿತು. ಮನೆಯಲ್ಲೇ ನಿಲ್ಲಿಸಿದ ಸೈಕಲ್ ತುಳಿಯುತ್ತೇನೆ, ಡಂಬಲ್ ಎತ್ತುತ್ತೇನೆ. ಮಂಡಿಯ ಮುಂಭಾಗ ನೋಯುವುದರಿಂದ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗುತ್ತೇನೆ. ಇತ್ತೀಚೆಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ವ್ಯಾಯಾಮ ಹೆಚ್ಚಾಯಿತೇ?
– ಒಬ್ಬ ಓದುಗರು

ಉತ್ತರ: ನೋವಿನ ಮಾತ್ರೆಯನ್ನು ಇಂದೇ ನಿಲ್ಲಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳು ಬೈಪಾಸ್ ಆದವರಲ್ಲಿ ಜಠರ ಮತ್ತು ಕರುಳನ್ನು ಸೇರಿಸಿ ಹೊಲಿದ ಜಾಗದಲ್ಲಿ ಹುಣ್ಣು ಮಾಡಬಲ್ಲವು; ಆ ಹುಣ್ಣಿನಿಂದ ರಕ್ತ ಸೋರಬಹುದು, ಜಠರವೇ ತೂತಾಗಬಹುದು. ಅಗತ್ಯವಿದ್ದರೆ ಪ್ಯಾರಾಸಿಟಮಾಲ್ ಬಳಸಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ನಿಮ್ಮ ಸ್ಥಿತಿಯಲ್ಲಿ ಅದೇ ಕಾರಣವೆಂದು ಸುಮ್ಮನಿರುವುದು ಸಲ್ಲದು.

ಏದುಸಿರಿಗೆ ವ್ಯಾಯಾಮವನ್ನು ದೂರುವ ಮೊದಲು ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ. ಬೈಪಾಸ್‌ನಲ್ಲಿ ಆಹಾರವು ಕಬ್ಬಿಣದ ಅಂಶ ಹೀರಲ್ಪಡುವ ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಸಾಗುತ್ತದೆ. ತಿಂಗಳ ಮುಟ್ಟು ಇರುವ, ಮಾಂಸ ತಿನ್ನದ ಹೆಂಗಸರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗುತ್ತಿದ್ದರೆ ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ವರದಿ ಬರುವವರೆಗೆ ಹಗುರ ನಡಿಗೆ ಸಾಕು.

ಮಂಡಿಯ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದು ಸಾಮಾನ್ಯ ಕಾರಣ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗುವಷ್ಟು ಸೀಟು ಎತ್ತರಿಸಿ, ಮುಂಗಾಲಿನಿಂದ ತುಳಿಯಿರಿ. ಆಗ ಮಂಡಿ ತುಸುವೇ ಬಾಗಿರುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಡಂಬಲ್‌ನ ಮಾತು ಪೂರ್ಣವಾಗದು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನಮ್ಮ ಕಡೆಯ ತಟ್ಟೆಯಲ್ಲಿ ಮೊದಲು ಮುರಿಯುವುದು ಮುದ್ದೆಯನ್ನು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಏಳು ಗ್ರಾಂ ಸುಮಾರು. ನಾಲ್ಕು ತುತ್ತು ಮುದ್ದೆಗೇ ನಿಮ್ಮ ಜಠರ ತುಂಬಿದರೆ ಕಾಳಿಗೆ ಜಾಗವಿರುವುದಿಲ್ಲ. ಪನೀರ್, ಗಟ್ಟಿ ಮೊಸರು, ಸೋಯಾ, ಹುರುಳಿಕಾಳು, ಅವರೆಕಾಳು ಮೊದಲು, ಮುದ್ದೆ ಕೊನೆಗೆ. ಬಸ್ಸಾರು ಮಾಡಿದ ದಿನವೂ ಪ್ರೋಟೀನ್ ಹೆಚ್ಚಾಗಿ ಉಳಿಯುವುದು ಬಸಿದ ಕಟ್ಟಿನಲ್ಲಲ್ಲ, ಪಲ್ಯದ ಕಾಳಿನಲ್ಲಿ. ಇದರಿಂದಲೂ ಸಾಲದಿದ್ದರೆ ಸಕ್ಕರೆ ಬೆರೆಸದ ವೇ ಪ್ರೋಟೀನ್ ಪುಡಿಯನ್ನು ಬಳಸಬಹುದು. ಅದು ಹಾಲಿನಿಂದ ತೆಗೆದದ್ದು, ಸಸ್ಯಾಹಾರಿಗಳು ಅನುಮಾನಿಸಬೇಕಿಲ್ಲ.

ಪ್ರಶ್ನೆ: ಸ್ಲೀವ್ ಆಗಿ ಒಂದು ವರ್ಷ. ಜಿಮ್ ಸೇರಿದ ಮೇಲೆ ತೂಕ ಇಳಿಯುವುದು ನಿಂತಿದೆ. ಸೈಕಲ್ ತುಳಿದರೆ ಜೋಲುಬಿದ್ದ ಚರ್ಮ ತೊಡೆಸಂದಿನಲ್ಲಿ ಉಜ್ಜಿ ಕೆಂಪಾಗುತ್ತದೆ.
– ಗೌರಿಬಿದನೂರು

ಉತ್ತರ: ಹೊಸದಾಗಿ ಭಾರ ಎತ್ತುವ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ, ಜೊತೆಗೆ ಒಂದು ವರ್ಷದ ಹೊತ್ತಿಗೆ ಇಳಿಕೆ ತಾನಾಗಿಯೇ ನಿಧಾನವಾಗುತ್ತದೆ. ಜಿಮ್ ಬಿಡಬೇಡಿ. ತಕ್ಕಡಿಯ ಬದಲು ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಡಿ, 30 ಸೆಕೆಂಡಿನಲ್ಲಿ ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಎದ್ದಿರೆಂದು ಎಣಿಸಿಡಿ. ಚರ್ಮಕ್ಕೆ, ಮೆತ್ತೆಯಿರುವ ಬಿಗಿ ಸೈಕಲ್ ಚಡ್ಡಿ ತೊಟ್ಟು, ಉಜ್ಜುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮನೆಗೆ ಬಂದೊಡನೆ ತೊಳೆದು, ಮಡಿಕೆಗಳ ಒಳಗೆ ತೇವವಿಲ್ಲದಂತೆ ಒರೆಸಿ. ತುರಿಕೆ ಅಥವಾ ದುರ್ವಾಸನೆ ಇದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚಿದರೆ ಕೆಲವು ದಿನ ತಗ್ಗಿ ಮತ್ತೆ ಹೆಚ್ಚಾಗುತ್ತದೆ, ಆದ್ದರಿಂದ ಚರ್ಮವೈದ್ಯರಿಗೆ ತೋರಿಸಿ. ಚರ್ಮ ತೆಗೆಸುವ ಶಸ್ತ್ರಚಿಕಿತ್ಸೆಯ ಮಾತು ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲಾಗಲಿ.