ಪಿನ್ನು ಕೂತರೆ ಸಾಲದು: ಹಳೆಯ ಕ್ಯಾಮೆರಾ, ಬದಲಿ ಅಡಾಪ್ಟರ್

ಪ್ರಶ್ನೆ: ನಮ್ಮ ತಂದೆಯವರು 2005ರಲ್ಲಿ ಕೊಂಡ ಸೋನಿ ಸೈಬರ್‌ಶಾಟ್ ಪಿ100 ಕ್ಯಾಮೆರಾ ಈಗಲೂ ಮನೆಯಲ್ಲಿದೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು, ಮೇಲುಕೋಟೆಯ ವೈರಮುಡಿಯನ್ನು ಅವರು ಅದರಲ್ಲೇ ತೆಗೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ಎತ್ತಿಟ್ಟಿದ್ದೆವು. ಈಗ ಕಾಲೇಜಿಗೆ ಹೋಗುವ ಮಗಳು ಅದನ್ನೇ ಬಳಸುತ್ತೇನೆಂದು ಹಟ ಹಿಡಿದಿದ್ದಾಳೆ. ಅಡಾಪ್ಟರ್ ಕಳೆದುಹೋಗಿದೆ. ಇಲ್ಲಿನ ಪೇಟೆ ಬೀದಿಯ ಅಂಗಡಿಯೊಂದರಲ್ಲಿ ಪಿನ್ನು ಸರಿಯಾಗಿ ಕೂರುವ 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ದಾರೆ. ಕ್ಯಾಮೆರಾದ ತಳದಲ್ಲಿ 4.2 ವೋಲ್ಟ್ ಎಂದು ಬರೆದಿದೆ. ಅಷ್ಟು ವ್ಯತ್ಯಾಸದಿಂದ ಏನೂ ಆಗುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಹಾಕಬಹುದೇ? ಒಳಗಿರುವ ಫೋಟೊಗಳೂ ನಮಗೆ ಬೇಕು.
– ಗೃಹಿಣಿ, ಸುಭಾಷ್‌ನಗರ, ಮಂಡ್ಯ

ಉತ್ತರ: ಹಾಕಬೇಡಿ. ಆ ಅಡಾಪ್ಟರನ್ನು ಅಂಗಡಿಗೆ ಹಿಂತಿರುಗಿಸಿ. ಅವರು ವಾಪಸು ತೆಗೆದುಕೊಳ್ಳದಿದ್ದರೂ ಸರಿ, ಅದನ್ನು ಈ ಕ್ಯಾಮೆರಾದ ಹತ್ತಿರ ತರಬೇಡಿ.

ಮೊದಲು ಫೋಟೊಗಳ ಮಾತು ಮುಗಿಸೋಣ, ಏಕೆಂದರೆ ಅವುಗಳನ್ನು ಹೊರತೆಗೆಯಲು ಕ್ಯಾಮೆರಾಗೆ ವಿದ್ಯುತ್ ಬೇಕಾಗಿಯೇ ಇಲ್ಲ. ನಿಮ್ಮ ತಂದೆಯವರ ಚಿತ್ರಗಳಿರುವುದು ಮೆಮೊರಿ ಸ್ಟಿಕ್ ಎಂಬ ಉದ್ದನೆಯ ಕಾರ್ಡಿನಲ್ಲಿ. ಅದನ್ನು ಒಳಕ್ಕೆ ಮೆಲ್ಲಗೆ ಒತ್ತಿ ಬಿಟ್ಟರೆ ತಾನೇ ಹೊರಗೆ ಬರುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ ಬಹುತೇಕ ಕಾರ್ಡ್ ರೀಡರುಗಳು ಎಸ್‌ಡಿ ಕಾರ್ಡುಗಳಿಗೆ ಮಾತ್ರ ಆಗುತ್ತವೆ. ಆದ್ದರಿಂದ ಮೆಮೊರಿ ಸ್ಟಿಕ್‌ಗೂ ಜಾಗವಿರುವ ರೀಡರನ್ನು ಕೇಳಿ ಪಡೆಯಿರಿ, ಇಲ್ಲವೇ ಹಳೆಯ ಫೋಟೊ ಸ್ಟುಡಿಯೊಗಳಲ್ಲಿ ವಿಚಾರಿಸಿ. ಕಂಪ್ಯೂಟರಿಗೆ ಹಾಕಿದಾಗ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಬೇಡ ಎನ್ನಿ. ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಟ್ಟುಕೊಂಡ ನಂತರವೇ ಕಾರ್ಡ್ ಮತ್ತೆ ಕ್ಯಾಮೆರಾಗೆ ಹೋಗಲಿ. ಕ್ಯಾಮೆರಾ ಕೆಟ್ಟರೆ ಅದೇ ಮಾದರಿಯ ಇನ್ನೊಂದನ್ನು ಹುಡುಕಬಹುದು, ಆ ಚಿತ್ರಗಳನ್ನು ಹುಡುಕಲಾಗುವುದಿಲ್ಲ. ಹಾಗಾಗಿ ಚಾರ್ಜರ್ ಬೇಟೆಗೆ ಹೊರಡುವ ಮೊದಲೇ ಈ ಕೆಲಸ ಮುಗಿದಿರಲಿ.

ಇನ್ನು ಆ 4.2. ಇದು ಕಂಪನಿಯವರು ಸುಮ್ಮನೆ ಇಟ್ಟುಕೊಂಡ ವಿಚಿತ್ರ ಸಂಖ್ಯೆಯಲ್ಲ. ನಿಮ್ಮ ಕ್ಯಾಮೆರಾದಲ್ಲಿರುವುದು ಎನ್‌ಪಿ-ಎಫ್‌ಆರ್1 ಎಂಬ 3.6 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ. ಇಂಥ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟಿಗೆ ಏರಿ ನಿಲ್ಲಬೇಕು. ಅದರಾಚೆಗೆ ಹೋದರೆ ಸೆಲ್ ಬಿಸಿಯಾಗುತ್ತದೆ, ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ, ಹೊತ್ತಿಕೊಳ್ಳಲೂಬಹುದು. ಈ ಕ್ಯಾಮೆರಾ ಜೊತೆ ಬರುತ್ತಿದ್ದ ಅಡಾಪ್ಟರ್ ಎಸಿ-ಎಲ್‌ಎಸ್5. ಅದರ ಔಟ್‌ಪುಟ್ ಕೂಡ ಸರಿಯಾಗಿ 4.2 ವೋಲ್ಟ್, 1.5 ಆಂಪಿಯರ್. ಅಂದರೆ ಒಳಗಿನ ಚಾರ್ಜಿಂಗ್ ಸರ್ಕ್ಯೂಟನ್ನು ಆ ಅಡಾಪ್ಟರನ್ನು ನಂಬಿಯೇ ಕಟ್ಟಿದ್ದಾರೆ. ಅಲ್ಲಿಗೆ 5 ವೋಲ್ಟ್ ಕೊಟ್ಟರೆ ಶೇ 19ರಷ್ಟು ಹೆಚ್ಚು ಕೊಟ್ಟಂತೆ. 12 ವೋಲ್ಟಿನ ಉಪಕರಣದಲ್ಲಿ 0.8 ವೋಲ್ಟ್ ದೊಡ್ಡ ಮಾತಲ್ಲ, ಆದರೆ 4.2ರಲ್ಲಿ ಅದು ದೊಡ್ಡ ಮಾತೇ. ಹಾಕಿದ ಕೂಡಲೇ ಹೊಗೆ ಬರದಿರಬಹುದು. ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡಿತೆಂಬ ಧೈರ್ಯದ ಮೇಲೆ ರಾತ್ರಿಯಿಡೀ ಚಾರ್ಜಿಗೆ ಬಿಡುತ್ತೀರಿ ಎಂಬುದೇ ನನ್ನ ಭಯ.

ಅಂಗಡಿಗಳಲ್ಲಿ ಗುಂಡಿ ಸರಿಸಿ ವೋಲ್ಟೇಜ್ ಬದಲಿಸುವ ಅಡಾಪ್ಟರುಗಳೂ ಸಿಗುತ್ತವೆ: 3, 4.5, 6, 7.5, 9, 12. ಅದರಲ್ಲಿ 4.2 ಇಲ್ಲ. 4.5ಕ್ಕೆ ಇಟ್ಟು ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇಂಥವುಗಳಲ್ಲಿ ಅಗ್ಗದ ಮಾದರಿಗಳು ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ವೋಲ್ಟೇಜನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಯೇ ಇಲ್ಲದ ಮಾದರಿಗಳು. 4.5 ಎಂದು ಬರೆದಿದ್ದರೂ ಏನೂ ಜೋಡಿಸದೆ ಮೀಟರ್ ಇಟ್ಟು ನೋಡಿದರೆ 6 ವೋಲ್ಟಿಗೂ ಮೇಲೆ ತೋರಿಸುವುದುಂಟು. ಮೇಲಾಗಿ ಮನೆಯ ಕರೆಂಟು ಏರಿದಾಗ ಇದರ ಔಟ್‌ಪುಟ್ಟೂ ಏರುತ್ತದೆ. ಮಂಡ್ಯದ ಸುತ್ತಮುತ್ತ ಪಂಪ್‌ಸೆಟ್ ಲೈನಿಗೆ ಹತ್ತಿರವಿರುವ ಮನೆಗಳಲ್ಲಿ ಮೋಟಾರುಗಳು ಒಟ್ಟಿಗೆ ನಿಂತಾಗ ಬಲ್ಬು ಪ್ರಖರವಾಗುವುದನ್ನು ನೀವೂ ನೋಡಿರುತ್ತೀರಿ. ಹಗುರವಾಗಿರುವ, ‘ಇನ್‌ಪುಟ್ 100-240’ ಎಂದು ಬರೆದಿರುವ ಈಗಿನ ಅಡಾಪ್ಟರುಗಳಲ್ಲಿ ಈ ತೊಂದರೆ ಇಲ್ಲ. ಕರೆಂಟು ಇಳಿದರೂ ಏರಿದರೂ ಅವು ಔಟ್‌ಪುಟ್ಟನ್ನು ಒಂದೇ ಕಡೆ ನಿಲ್ಲಿಸುತ್ತವೆ.

ಆಂಪಿಯರ್ ವಿಚಾರದಲ್ಲಿ ಅಂಗಡಿಯವರ ಮೇಲೆ ತಕರಾರಿಲ್ಲ. 1.5 ಕೇಳುವ ಕಡೆ 2 ಇದ್ದರೆ ಏನೂ ತೊಂದರೆಯಾಗುವುದಿಲ್ಲ. ವಿ.ಸಿ. ನಾಲೆ ತುಂಬಿ ಹರಿದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ಅಡಾಪ್ಟರಿನ ಮೇಲಿನ ಆಂಪಿಯರ್ ನಾಲೆಯ ಶಕ್ತಿಯನ್ನು ಹೇಳುತ್ತದೆ, ಎಷ್ಟು ಎಳೆದುಕೊಳ್ಳಬೇಕೆಂಬುದನ್ನು ಕ್ಯಾಮೆರಾ ತೀರ್ಮಾನಿಸುತ್ತದೆ. ಕಡಿಮೆ ಇದ್ದರೆ ಮಾತ್ರ ಅಡಾಪ್ಟರ್ ಬಿಸಿಯಾಗುತ್ತದೆ, ಕ್ಯಾಮೆರಾ ನಡುವೆ ಆರಿಹೋಗುತ್ತದೆ. ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ಮೂರನೆಯ ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅಡಾಪ್ಟರಿನ ಲೇಬಲ್ಲನ್ನು ಮೊಬೈಲಿನಲ್ಲಿ ದೊಡ್ಡದಾಗಿ ಫೋಟೊ ತೆಗೆದು ನೋಡಿ. ಒಂದು ಚುಕ್ಕೆ, ಅದರ ಸುತ್ತ ಒಂದು ಕಡೆ ಬಾಯಿ ತೆರೆದ ಅರ್ಧ ವೃತ್ತ, ಎರಡಕ್ಕೂ ಗೆರೆ ಎಳೆದು ಒಂದರ ತುದಿಗೆ ಪ್ಲಸ್, ಇನ್ನೊಂದರ ತುದಿಗೆ ಮೈನಸ್ ಹಾಕಿರುತ್ತಾರೆ. ಚುಕ್ಕೆ ಎಂದರೆ ಪಿನ್ನಿನ ಒಳಗಿನ ತೂತು, ವೃತ್ತ ಎಂದರೆ ಹೊರಮೈ. ಕ್ಯಾಮೆರಾದ ಮೇಲಿರುವ ಅಥವಾ ಅದರ ಕೈಪಿಡಿಯಲ್ಲಿರುವ ಚಿತ್ರವೂ ಇದೂ ಒಂದೇ ಆಗಿರಬೇಕು. ತಿರುವುಮುರುವಾದರೆ ವೋಲ್ಟೇಜ್ ಸರಿಯಿದ್ದರೂ ಕ್ಯಾಮೆರಾ ಸುಡಬಹುದು. ಅದೇ ಲೇಬಲ್ಲಿನಲ್ಲಿ ಔಟ್‌ಪುಟ್ ಸಂಖ್ಯೆಯ ಪಕ್ಕದ ಗುರುತನ್ನೂ ನೋಡಿ. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್. ಅಲೆಯ ಗುರುತಿದ್ದರೆ ಎಸಿ, ಅಂದರೆ ಗೋಡೆಯ ಸಾಕೆಟ್ಟಿನಲ್ಲಿ ಬರುವಂತೆ ದಿಕ್ಕು ಬದಲಿಸುತ್ತಿರುವ ವಿದ್ಯುತ್, ಅದು ಯಾವ ಡಿಜಿಟಲ್ ಕ್ಯಾಮೆರಾಗೂ ಆಗುವುದಿಲ್ಲ. ಎಸಿ ಹೊರಬಿಡುವ ಹಳೆಯ ಅಡಾಪ್ಟರುಗಳಿಗೂ ಇಂಥದೇ ಪಿನ್ನಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಈ ಪಿನ್ನುಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಮನೆಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಿನ್ನಿನ ತೂತಿಗೆ, ಕಪ್ಪನ್ನು ಹೊರಮೈಗೆ ಮುಟ್ಟಿಸಿ. ಸಂಖ್ಯೆಯ ಎಡಕ್ಕೆ ಮೈನಸ್ ಬಂದರೆ ಒಳಭಾಗ ಮೈನಸ್ ಎಂದರ್ಥ. ಲೇಬಲ್ ಸುಳ್ಳು ಹೇಳಿದರೂ ಮೀಟರ್ ಹೇಳುವುದಿಲ್ಲ.

ನಿಮಗೆ ನನ್ನ ಸಲಹೆ ಬೇರೆಯೇ ಇದೆ. ಅಡಾಪ್ಟರಿನ ಗೊಡವೆಯೇ ಬೇಡ. ಎನ್‌ಪಿ-ಎಫ್‌ಆರ್1 ಬ್ಯಾಟರಿಯನ್ನು ಹೊರಗೆ ತೆಗೆದು ಚಾರ್ಜ್ ಮಾಡುವ ಪ್ರತ್ಯೇಕ ಚಾರ್ಜರ್ ಕೊಳ್ಳಿ, ಜೊತೆಗೆ ಹೊಸದೊಂದು ಬ್ಯಾಟರಿ. ಆ ಚಾರ್ಜರಿಗೆ ಮೊಬೈಲಿನ 5 ವೋಲ್ಟ್ ಕೊಟ್ಟರೂ ಅದನ್ನು 4.2ರಲ್ಲಿ ನಿಲ್ಲಿಸುವ ಕೆಲಸವನ್ನು ಅದರೊಳಗಿನ ಸರ್ಕ್ಯೂಟೇ ಮಾಡುತ್ತದೆ. ಏನಾದರೂ ಕೆಟ್ಟರೆ ಚಾರ್ಜರ್ ಕೆಡುತ್ತದೆ, ತಂದೆಯವರ ಕ್ಯಾಮೆರಾಗೆ ಏನೂ ಆಗುವುದಿಲ್ಲ. ಸವೆದ ಡಿಸಿ ಸಾಕೆಟ್ಟಿನಲ್ಲಿ ಪಿನ್ನು ಅಲ್ಲಾಡುವ ಚಿಂತೆಯೂ ಉಳಿಯುವುದಿಲ್ಲ. ಅಡಾಪ್ಟರೇ ಬೇಕೆಂದರೆ ಎಸಿ-ಎಲ್‌ಎಸ್5ಕ್ಕೆ ಬದಲಿ ಎಂದು ಮಾರುವುದನ್ನು ತರಿಸಿ, ಲೇಬಲ್ಲಿನಲ್ಲಿ 4.2 ಇದೆಯೇ ಎಂದು ನೋಡಿಯೇ ಜೋಡಿಸಿ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿನ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದು ಅಸಲಿಯೇ ಎಂದು ಪರೀಕ್ಷಿಸಬಹುದು.

ಬೀರುವಿನಲ್ಲಿದ್ದ ಹಳೆಯ ಬ್ಯಾಟರಿಯನ್ನು ಮತ್ತೆ ಜೀವಂತಗೊಳಿಸುವ ಆಸೆ ಬಿಡಿ. ವರ್ಷಗಟ್ಟಲೆ ಖಾಲಿ ಬಿದ್ದ ಲಿಥಿಯಂ ಸೆಲ್ಲಿನಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಲ್ಲದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಒಳ್ಳೆಯ ಚಾರ್ಜರುಗಳು ಇಂಥ ಬ್ಯಾಟರಿಯನ್ನು ತೆಗೆದುಕೊಳ್ಳಲು ನಿರಾಕರಿಸುವುದು ಇದೇ ಕಾರಣಕ್ಕೆ. ನೇರವಾಗಿ ವೈರ್ ಮುಟ್ಟಿಸಿ ‘ಎಬ್ಬಿಸಿ’ ಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಗಾಜಿನ ಮೇಲೆ ಮಲಗಿಸಿದಾಗ ಬ್ಯಾಟರಿ ತೂಗಾಡಿದರೆ ಅದು ಉಬ್ಬಿದೆ ಎಂದರ್ಥ. ಅದರ ಲೋಹದ ತುದಿಗಳಿಗೆ ಟೇಪ್ ಸುತ್ತಿ, ಬ್ಯಾಟರಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಮನೆಯ ಕಸದೊಂದಿಗೆ ಬ್ಯಾಟರಿ ಬೆರೆಸಬಾರದು ಎನ್ನುತ್ತವೆ.

ಹೊಸ ಬ್ಯಾಟರಿ ಹಾಕಿದಾಗ ದಿನಾಂಕ, ಸಮಯ ತಪ್ಪಿರುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ. ಗಡಿಯಾರ ನಡೆಸುವ ಒಳಗಿನ ಪುಟ್ಟ ಸೆಲ್ ಖಾಲಿಯಾಗಿದೆ, ಅಷ್ಟೇ. ಚಾರ್ಜ್ ಆದ ಬ್ಯಾಟರಿಯನ್ನು ಒಂದು ದಿನ ಒಳಗೇ ಇಟ್ಟರೆ ಅದೂ ತುಂಬಿಕೊಳ್ಳುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನನ್ನ ಕ್ಯಾನನ್ ಪವರ್‌ಶಾಟ್ ಎ540 ಕ್ಯಾಮೆರಾಗೆ ಸರಿಯಾದ 3.15 ವೋಲ್ಟ್ ಅಡಾಪ್ಟರನ್ನೇ ತಂದಿದ್ದೇನೆ. ರಾತ್ರಿಯೆಲ್ಲ ಹಾಕಿಟ್ಟರೂ ಒಳಗಿನ ರೀಚಾರ್ಜ್ ಸೆಲ್‌ಗಳು ಚಾರ್ಜ್ ಆಗುತ್ತಿಲ್ಲ. ಸಾಕೆಟ್ ಕೆಟ್ಟಿದೆಯೇ?
– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು

ಉತ್ತರ: ಕೆಟ್ಟಿಲ್ಲ. ಈ ಕ್ಯಾಮೆರಾ ಸೆಲ್‌ಗಳನ್ನು ಒಳಗೆ ಚಾರ್ಜ್ ಮಾಡುವುದೇ ಇಲ್ಲ. ಪೆನ್ಸಿಲ್ ಸೆಲ್ ಬಳಸುವ ಹಳೆಯ ಕ್ಯಾಮೆರಾಗಳಲ್ಲಿ ಬಹುಪಾಲು ಹೀಗೆಯೇ. ಅಲ್ಲಿನ ಡಿಸಿ ಸಾಕೆಟ್ ಇರುವುದು ಮೇಜಿನ ಮೇಲಿಟ್ಟು ಚಿತ್ರ ನೋಡುವಾಗ, ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಸೆಲ್ ಖರ್ಚಾಗದಿರಲಿ ಎಂದು. ಇದಕ್ಕೆ ಸಕಾರಣವೂ ಇದೆ. ಅದೇ ಜಾಗಕ್ಕೆ ನೀವು ಸಾಧಾರಣ ಅಲ್ಕಲೈನ್ ಸೆಲ್ಲನ್ನೂ ಹಾಕಬಹುದು, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲನ್ನೂ ಹಾಕಬಹುದು. ಅಲ್ಕಲೈನ್ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಸೋರುತ್ತದೆ, ಒಡೆಯಲೂಬಹುದು.

ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸಿ ತಾನೇ ನಿಲ್ಲುವ ಚಾರ್ಜರ್ ಕೊಳ್ಳಿ. ಎರಡು ಸೆಲ್ಲಿಗೆ ಒಂದೇ ದೀಪ ಇರುವ ಚಾರ್ಜರುಗಳು ಸಾಮಾನ್ಯವಾಗಿ ಜೋಡಿಯನ್ನೇ ಒಟ್ಟಿಗೆ ಚಾರ್ಜ್ ಮಾಡುತ್ತವೆ, ದುರ್ಬಲ ಸೆಲ್ಲು ಅದರಲ್ಲಿ ಬೇಗ ಸಾಯುತ್ತದೆ. ತಿಂಗಳಿಗೊಮ್ಮೆ ಕಾರಂಜಿ ಕೆರೆಗೆ ಹೋಗಿ ನಾಲ್ಕು ಚಿತ್ರ ತೆಗೆಯುವವರಾದರೆ ಎನೆಲೂಪ್ ಬಗೆಯ, ಸುಮ್ಮನಿದ್ದಾಗ ಬೇಗ ಚಾರ್ಜ್ ಕಳೆದುಕೊಳ್ಳದ ಸೆಲ್ ಒಳ್ಳೆಯದು. ಸಾನ್ಯೊ ಕಂಪನಿ 2005ರಲ್ಲಿ ಅವುಗಳನ್ನು ತಂದ ಮೇಲೆ ಇಂಥ ಕ್ಯಾಮೆರಾಗಳ ಬಾಳ್ವೆಯೇ ಸುಲಭವಾಯಿತು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಸೆಲ್ ಮಾತ್ರ ಬೇಡ. ಫ್ಲಾಶ್ ಕೇಳುವಷ್ಟು ಕರೆಂಟನ್ನು ಅದು ಒಮ್ಮೆಲೇ ಕೊಡಲಾರದು, ಕೆಲವೇ ಚಿತ್ರಗಳಿಗೆ ಕ್ಯಾಮೆರಾ ‘ಬ್ಯಾಟರಿ ಬದಲಿಸಿ’ ಎನ್ನುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ತಮ್ಮ ಹಳೆಯ ಕ್ಯಾಮೆರಾವನ್ನು ಅದರ ಅಸಲಿ ಅಡಾಪ್ಟರ್ ಸಮೇತ ಕೊಟ್ಟಿದ್ದಾರೆ. ಇಲ್ಲಿನ ಕರೆಂಟಿಗೆ ಹಾಕಬಹುದೇ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಲೇಬಲ್ಲಿನಲ್ಲಿ ಇನ್‌ಪುಟ್ ಎಂಬ ಸಾಲನ್ನು ಓದಿ. 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಚಪ್ಪಟೆ ಪಿನ್ನಿಗೆ ಒಂದು ಕನ್ವರ್ಟರ್ ಪ್ಲಗ್ ಸಾಕು. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಖಂಡಿತ ಹಾಕಬೇಡಿ. ಪ್ಲಗ್ಗಿನ ಆಕಾರ ಬದಲಿಸುವ ಕನ್ವರ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ.

ಪ್ರಶ್ನೆ: ಹಳೆಯ ಕ್ಯಾಮೆರಾದ ಯುಎಸ್‌ಬಿ ಕೇಬಲ್ಲನ್ನು ಮೊಬೈಲಿನ ಫಾಸ್ಟ್ ಚಾರ್ಜರಿಗೆ ಸಿಕ್ಕಿಸಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆಯೇ?
– ಓದುಗರು, ಮದ್ದೂರು

ಉತ್ತರ: ಚಾರ್ಜರ್ ಒಳ್ಳೆಯದಾಗಿದ್ದರೆ ಸುಡುವುದಿಲ್ಲ. ಫಾಸ್ಟ್ ಚಾರ್ಜರುಗಳು 5 ವೋಲ್ಟಿನಿಂದಲೇ ಶುರುಮಾಡುತ್ತವೆ. ಎದುರಿನ ಉಪಕರಣ ಕೇಳಿಕೊಂಡರೆ ಮಾತ್ರ 9 ಅಥವಾ 12ಕ್ಕೆ ಏರಿಸುತ್ತವೆ, ಹಳೆಯ ಕ್ಯಾಮೆರಾಗೆ ಹಾಗೆ ಕೇಳಲು ಗೊತ್ತಿಲ್ಲ. ಆದರೆ ಚಾರ್ಜ್ ಆಗುತ್ತದೆ ಎಂದೂ ಎಣಿಸಬೇಡಿ. ಆ ಕಾಲದ ಬಹುಪಾಲು ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇದ್ದದ್ದು ಚಿತ್ರ ಸಾಗಿಸಲು ಮಾತ್ರ. ಕೈಪಿಡಿಯಲ್ಲಿ ಯುಎಸ್‌ಬಿ ಮೂಲಕ ಚಾರ್ಜ್ ಮಾಡುವ ಪ್ರಸ್ತಾಪ ಇಲ್ಲದಿದ್ದರೆ ಬ್ಯಾಟರಿಯನ್ನು ಹೊರತೆಗೆದು ಅದರದೇ ಚಾರ್ಜರಿನಲ್ಲಿಡಿ.