‘ಹೇಳಲಾಗುತ್ತದೆ’ ಅಂದರೆ ಹೇಳಿದ್ದು ಯಾರು?

ನಮಸ್ಕಾರ. ಹಣ್ಣಿನ ಪಾನೀಯಗಳಿಗೆ ಆ ಹೆಸರುಗಳು ಎಲ್ಲಿಂದ ಬಂದವು ಅಂತ ನೀವು ಬರೆದ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಪಾರಸಿಯ ‘ಲೀಮೂ’ ಅರಬ್ಬಿಯಲ್ಲಿ ‘ಲೈಮೂನ್’ ಆಗಿ, ಫ್ರೆಂಚರ ‘ಲಿಮೊನಾದ್’ ದಾಟಿ ಲೆಮನೇಡ್ ಆದ ಭಾಗವನ್ನು ಮುಟ್ಟಬೇಡಿ. ಆದರೆ ಎರಡನೇ ಪುಟ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ನಿಮ್ಮ ಸಾಲು: ‘ಶರಬತ್ತು ಎಂಬ ಪದ ಶರ್ಕರದಿಂದ ಬಂದಿದೆ ಎಂದು ಹೇಳಲಾಗುತ್ತದೆ.’ ಯಾರು ಹೇಳಿದ್ದು? ಎರಡರಲ್ಲೂ ‘ಶರ’ ಇದೆ, ಎರಡೂ ಸಿಹಿ. ನಿಮ್ಮ ಹತ್ತಿರ ಇರುವ ಆಧಾರ ಅಷ್ಟೇ ಅಲ್ವಾ? ಅರಬ್ಬಿಯಲ್ಲಿ ‘ಶರಿಬ’ ಅಂದರೆ ಕುಡಿದನು. ಶರಬತ್ತಿನ ಬೇರು ಅದು, ಸಕ್ಕರೆಯಲ್ಲ. ಅದೇ ಬೇರಿನಿಂದ ಶರಾಬು ಬಂತು, ಲ್ಯಾಟಿನ್ ದಾಟಿ ಸಿರಪ್ ಬಂತು, ತುರ್ಕಿ ಮತ್ತು ಇಟಾಲಿಯನ್ ಮೂಲಕ ಸೋರ್ಬೆ, ಅಂದರೆ ಹಣ್ಣಿನ ರಸ ಹೆಪ್ಪುಗಟ್ಟಿಸಿ ಮಾಡುವ ತಿನಿಸಿನ ಹೆಸರು, ಕೂಡ ಬಂತು. ಕೆಮ್ಮಿಗೆ ಕುಡಿಯುವ ಸಿರಪ್ಪಿಗೂ ಶರಾಬಿಗೂ ಹುಟ್ಟಿದ ಮನೆ ಒಂದೇ! ಇಂಥ ಕಥೆ ಬಿಟ್ಟು ಸುಮ್ನೆ ಊಹೆ ಬರೆದಿದ್ದೀರಿ.

ಮುಂದಿನ ಸಾಲು, ಹಣ್ಣಿನ ರಸಕ್ಕೆ ಮದ್ಯ ಬೆರೆಸಿ ಮಾಡುವ ಪಂಚ್ ಅನ್ನುವ ಪಾನೀಯದ ಬಗ್ಗೆ: ‘ಪಂಚ್ ನಿಸ್ಸಂದೇಹವಾಗಿ ನಮ್ಮ ಪಂಚ, ಅಂದರೆ ಐದು ಪದಾರ್ಥ.’ ಮೊದಲು ‘ನಿಸ್ಸಂದೇಹವಾಗಿ’ ಹೊಡೆದುಹಾಕಿ. ಈ ಮಾತು ಹಳೆಯದು, ನಿಜ. ಭಾರತಕ್ಕೆ ಬಂದಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ 1698ರಲ್ಲಿ ಪ್ರಕಟವಾದ ಪ್ರವಾಸದ ಪುಸ್ತಕದಲ್ಲಿ ಇದನ್ನೇ ಬರೆದಿದ್ದಾನೆ. ಆದರೆ ಇಂಗ್ಲಿಷಿನಲ್ಲಿ ಆ ಪಾನೀಯದ ಹೆಸರು 1632ರಲ್ಲೇ ಸಿಗುತ್ತದೆ. ಆಗಿನ ಇಂಗ್ಲಿಷ್ ಉಚ್ಚಾರಣೆ ‘ಪುಂಚ್’ಗೆ ಹತ್ತಿರ, ಹಿಂದಿಯದು ‘ಪಾಂಚ್’. ಹಳೆಯ ಪಂಚ್‌ಗಳಲ್ಲಿ ಯಾವಾಗಲೂ ಐದೇ ಪದಾರ್ಥ ಇರುತ್ತಿರಲಿಲ್ಲ. ಮದ್ಯ ತುಂಬುವ ಪೀಪಾಯಿಗೆ ‘ಪಂಚನ್’ ಅನ್ನುತ್ತಿದ್ದರು, ಹೆಸರು ಅದರಿಂದಲೇ ಬಂತು ಅನ್ನುವವರೂ ಇದ್ದಾರೆ. ಇಷ್ಟೆಲ್ಲ ಜಗಳ ಇರುವ ಪದವನ್ನು ಒಂದೇ ಏಟಿಗೆ ‘ನಮ್ಮದು’ ಅಂದುಬಿಟ್ಟರೆ ಓದುಗರಿಗೆ ಮೋಸ ಮಾಡಿದ ಹಾಗೆ.

ನಾನು ಈ ಕೆಲಸ ಕಲಿಯುವಾಗ ನನ್ನ ಹಿರಿಯ ಸಂಪಾದಕರು ಪ್ರತಿ ‘ಹೇಳಲಾಗುತ್ತದೆ’ಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು?’ ಅಂತ ಬರೆಯುತ್ತಿದ್ದರು. ಒಂದು ಸಲ ನನ್ನ ಎರಡು ಪುಟದಲ್ಲಿ ಹನ್ನೊಂದು ಸುತ್ತು ಬಿದ್ದಿದ್ದವು. ಮೂರು ದಿನ ನಿಘಂಟು ಹಿಡಿದು ಕೂತೆ, ಕೊನೆಗೆ ಉಳಿದದ್ದು ನಾಲ್ಕು ವಾಕ್ಯ. ಅವರು ಆ ನಾಲ್ಕನ್ನೇ ಅಚ್ಚು ಹಾಕಿಸಿದರು. ಆಮೇಲೆ ಜಾಸ್ತಿ ಪುಟ ಬರೆದಿದ್ದೇನೆ, ಆದರೆ ಆ ನಾಲ್ಕು ವಾಕ್ಯ ಅಚ್ಚಾದಾಗಿನ ಖುಷಿ ಬೇರೆ.

ಇನ್ನೊಂದು ಮಾತು. ಎಲ್ಲರ ಬಾಯಲ್ಲೂ ಇರುವ ಜ್ಯೂಸ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅದರ ಮೂಲ ಲ್ಯಾಟಿನ್ನಿನ ‘ಯೂಸ್’, ಅರ್ಥ ಸಾರು. ಸಂಸ್ಕೃತದಲ್ಲೂ ಸಾರಿಗೆ ‘ಯೂಷ’ ಅನ್ನುತ್ತಾರೆ. ಇವೆರಡು ನಿಜವಾದ ನಂಟರು, ನೀವು ಹುಡುಕುತ್ತಿದ್ದ ನಂಟು ಇಲ್ಲಿತ್ತು. ಎರಡನೇ ಪುಟ ತೆಗೆದು, ಇದರಿಂದ ಶುರುಮಾಡಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.