ಆಪ್ತಸಲಹೆ ಪ್ರಕರಣ: ಸಾಲ ಏರಿದ್ದು ಕಲ್ಲಿನ ಪಾಠದಿಂದಲಾ?

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಊರು, ವಯಸ್ಸು ಮತ್ತು ಕೆಲವು ಅಂಕಿಗಳನ್ನು ಬದಲಿಸಿದ್ದೇನೆ.)

ಜೂನ್ ಕೊನೆ. ಮಡಿಕೇರಿಯಲ್ಲಿ ಎರಡು ದಿನದಿಂದ ಬಿಡದ ಮಳೆ, ಕರೆಂಟ್ ಬೇರೆ ಇಲ್ಲ. ಅಪ್ಪ ಮಗಳು ಗೋಣಿಕೊಪ್ಪ ಕಡೆಯಿಂದ ಬಂದಿದ್ದರು. ಕೂರುವ ಮೊದಲೇ ಅಪ್ಪ ಪ್ಲಾಸ್ಟಿಕ್ ಕವರಿನಿಂದ ಬ್ಯಾಂಕಿನ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಕಂಪ್ಯೂಟರ್ ಓದೋಕೆ ಅಂತ ಅಮೆರಿಕಾಕ್ಕೆ ಕಳಿಸಿದ್ದು. ಎರಡು ವರ್ಷ ಆಯ್ತು. ಇವಳು ಕಲ್ಲಿನ ಪಾಠ ಓದ್ತಾ ಇದ್ದಾಳೆ. ನಾಟಕದ ಪಾಠ ಬೇರೆ. ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ತೋಟದಲ್ಲೇ ಬೇಕಾದಷ್ಟಿದೆ."

ಹುಡುಗಿ ಕಿಟಕಿ ಕಡೆ ನೋಡುತ್ತಿದ್ದಳು. ವಯಸ್ಸು 20. ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ. ಅಪ್ಪ ಹೇಳುವ ಕಲ್ಲಿನ ಪಾಠ ಎಂದರೆ ಭೂವಿಜ್ಞಾನ. ರಜೆಗೆ ಮನೆಗೆ ಬಂದಿದ್ದಳು. ಐನ್‌ಮನೆಯಲ್ಲಿ (ಕೊಡವ ಮನೆತನದ ಮೂಲ ಮನೆ) ನೆಂಟರೆಲ್ಲ ಸೇರಿದ್ದಾಗ ಚಿಕ್ಕಪ್ಪ ಯಾರೋ ಅವಳ ಅಂಕಪಟ್ಟಿ ನೋಡಿ ನಕ್ಕರಂತೆ. ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ.

ಸಾಲದ ಕಥೆ ಮೊದಲು ಹೇಳುತ್ತೇನೆ. ಕೊಡಗಿನ ಬಹಳ ಮನೆಗಳಲ್ಲಿ ಇದೇ ಕಥೆ. ಮಂಜೂರಾಗಿದ್ದು 60 ಲಕ್ಷ, ಬಡ್ಡಿ ಶೇಕಡಾ 10ರ ಆಸುಪಾಸು. ಈವರೆಗೆ ಬಿಡುಗಡೆಯಾಗಿದ್ದು 30 ಲಕ್ಷ. ಬ್ಯಾಂಕುಗಳ ಸಾಮಾನ್ಯ ಶಿಕ್ಷಣ ಸಾಲದಲ್ಲಿ 7.5 ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ. ಇವರಿಗೆ ತೋಟ ಇದೆ, ಆದರೆ ಐನ್‌ಮನೆ ಸುತ್ತಲಿನದೆಲ್ಲ ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಹಿರಿಯರ ಭೂಮಿ. ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರು, ಅದರ ಜೊತೆ ಒಕ್ಕದವರ ಹೆಸರುಗಳ ಸಾಲು. ಬ್ಯಾಂಕಿನ ವಕೀಲರು ಕಾಗದ ನೋಡಿ ವಾಪಸ್ ಕೊಟ್ಟರು. ಕೊನೆಗೆ ಇವರು ತಾವೇ ದುಡಿದು ಕ್ರಯಕ್ಕೆ ತೆಗೆದುಕೊಂಡಿದ್ದ ನಾಲ್ಕು ಎಕರೆ ಮತ್ತು ಮೈಸೂರಿನ ಸೈಟು ಇಟ್ಟರು. ಅಂದರೆ ಹಿರಿಯರ ಆಸ್ತಿಗೆ ಏನೂ ಆಗಿಲ್ಲ, ಇವರ ಸ್ವಂತ ಬೆವರಿನದು ಮಾತ್ರ ಬ್ಯಾಂಕಿನಲ್ಲಿ ಕೂತಿದೆ. ಕಲ್ಲಿನ ಪಾಠ ಎಂದಾಗ ಅವರ ಧ್ವನಿ ಯಾಕೆ ನಡುಗುತ್ತಿತ್ತು ಎಂದು ನನಗೆ ಅರ್ಥವಾಗಿದ್ದು ಇದು ಗೊತ್ತಾದ ಮೇಲೆ.

ಅವರ ಪ್ರಶ್ನೆ ಒಂದೇ: ಬೇಡದ ವಿಷಯಗಳನ್ನು ಓದಿಸಿ ಕಾಲೇಜು ನಮ್ಮ ಸಾಲ ಏರಿಸುತ್ತಿದೆಯಾ, ಅಥವಾ ಮಗಳೇ ಸುಮ್ನೆ ದುಡ್ಡು ಕಳೆಯುತ್ತಿದ್ದಾಳಾ?

ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ. ಪಿಯುಸಿಯಲ್ಲೇ ದಾರಿ ಕವಲೊಡೆದಿರುತ್ತದೆ, ಡಿಗ್ರಿಯಲ್ಲಿ ಫೀಸು ವರ್ಷದ ಲೆಕ್ಕ. 2021-22ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿ ಪ್ರಕಾರ ನಾಲ್ಕು ವರ್ಷದ ಡಿಗ್ರಿ ತಂದಾಗ ಓಪನ್ ಎಲೆಕ್ಟಿವ್ (ಮುಖ್ಯ ವಿಷಯದ ಹೊರಗೆ ಆರಿಸಿಕೊಳ್ಳುವ ಪೇಪರ್) ಎಂಬ ಮಾತು ಹಳ್ಳಿ ಕಾಲೇಜಿಗೂ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಆಗಲೂ ಮನೆಯವರಿಗೆ ತಲೆನೋವಾಗಿದ್ದು ಇನ್ನೊಂದು ವರ್ಷದ ಹಾಸ್ಟೆಲ್ ಖರ್ಚು. ಒಂದು ಎಲೆಕ್ಟಿವ್ ಪೇಪರಿನ ಖರ್ಚು ಯಾರಿಗೂ ಕಂಡಿರಲಿಲ್ಲ.

ಅಮೆರಿಕಾದ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಪದವಿಗೆ 120 ಕ್ರೆಡಿಟ್ ಬೇಕು. ಕ್ರೆಡಿಟ್ ಎಂದರೆ ಒಂದು ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಕ್ಲಾಸ್ ಎಂಬುದರ ಮೇಲೆ ಹಾಕುವ ಲೆಕ್ಕ. ನಾಲ್ಕು ವರ್ಷದಲ್ಲಿ ಮುಗಿಯಬೇಕಾದರೆ ಸೆಮಿಸ್ಟರಿಗೆ 15. ಅದರಲ್ಲಿ ಒಂದು ಪಾಲು ಮುಖ್ಯ ವಿಷಯ, ಒಂದು ಪಾಲು ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣ: ಬರವಣಿಗೆ, ಚರಿತ್ರೆ, ಕಲೆ, ಲ್ಯಾಬ್ ಇರುವ ಒಂದು ವಿಜ್ಞಾನ. ಉಳಿದದ್ದು ಇಷ್ಟ ಬಂದದ್ದು. (ಈ ಗಂಟೆ ಲೆಕ್ಕ ಹರಡಿದ್ದರ ಹಿಂದೆ ಒಂದು ತಮಾಷೆ ಇದೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಕಾರ್ನೆಗಿ ಫೌಂಡೇಶನ್ ಕಾಲೇಜು ಮೇಷ್ಟರುಗಳಿಗೆ ಪಿಂಚಣಿ ಕೊಡಲು ಹೊರಟಾಗ ಯಾವ ಕಾಲೇಜು ಅರ್ಹ ಎಂದು ಅಳೆಯಲು ಒಂದು ಕೋಲು ಬೇಕಾಯಿತು. ಪಿಂಚಣಿಗೆ ತಂದ ಕೋಲು ಇವತ್ತು ಮಕ್ಕಳನ್ನು ಅಳೆಯುತ್ತಿದೆ.)

ನಾನು ಮೊದಲ ದಿನ ಒಂದು ತಪ್ಪು ಮಾಡಿದೆ. ಅಂಕಪಟ್ಟಿ ಕೇಳಲೇ ಇಲ್ಲ. ಅಪ್ಪನ ಮಾತು ಕೇಳಿ, ಇದು ಮಗಳಿಗೆ ಇಷ್ಟವಾದ ವಿಷಯ, ಮನೆಯವರಿಗೆ ಬೇಕಾದ ವಿಷಯ ಎಂಬ ಹಳೇ ಜಗಳವೇ ಎಂದುಕೊಂಡೆ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, "ನಿನಗೆ ಭೂವಿಜ್ಞಾನ ಇಷ್ಟನಾ?" ಎಂದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಅವಳ ಅತ್ತೆಯವರು ಮನೆ ಬಿಟ್ಟು ಬಂದಿದ್ದರಂತೆ. ಕ್ಲಾಸಿನಲ್ಲಿ ಮಣ್ಣು ನೀರು ಕುಡಿದು ಹೇಗೆ ಜಾರುತ್ತದೆ ಎಂದು ಹೇಳಿದಾಗ ಮೈ ಜುಮ್ ಅಂದಿತು ಎಂದಳು. ನಾನು ಖುಷಿಪಟ್ಟೆ, ಗಂಟು ಸಿಕ್ಕಿತು ಅಂತ. "ಹಾಗಾದರೆ ಅದನ್ನೇ ಓದಬೇಕು ಅಂತಿದೆಯಾ?" ಎಂದೆ. ತುಂಬಾ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಮೇಡಂ. ಅದ್ರಲ್ಲಿ ಎ ಬಂತು, ಅಷ್ಟೇ" ಎಂದಳು.

ಆಗ ಅನುಮಾನ ಬಂತು. ಎ ಬರದೇ ಇದ್ದದ್ದು ಯಾವುದು?

ಮುಂದಿನ ವಾರ ಅಂಕಪಟ್ಟಿ ತರಲು ಹೇಳಿದೆ. ಅದರಲ್ಲಿ ಎರಡು ಕಡೆ 'ಡಬ್ಲ್ಯೂ' ಇತ್ತು. ಎರಡೂ ಒಂದೇ ಪೇಪರ್: ಎರಡನೇ ಹಂತದ ಪ್ರೋಗ್ರಾಮಿಂಗ್, 4 ಕ್ರೆಡಿಟ್. ಡಬ್ಲ್ಯೂ ಎಂದರೆ ಗಡುವಿನೊಳಗೆ ನಡುವೆ ಕೈಬಿಟ್ಟದ್ದು. ಫೇಲ್ ಎಂದು ಬೀಳುವುದಿಲ್ಲ, ಸರಾಸರಿಯೂ ಇಳಿಯುವುದಿಲ್ಲ. ಆದರೆ ಕಟ್ಟಿದ ಫೀಸು ವಾಪಸ್ ಬರುವುದಿಲ್ಲ, ಕ್ರೆಡಿಟ್ ಸಿಗುವುದಿಲ್ಲ.

ಅಳುತ್ತಾ ಹೇಳಿದಳು. ಮೊದಲ ಸಲ ಮಿಡ್‌ಟರ್ಮಿನಲ್ಲಿ (ಸೆಮಿಸ್ಟರ್ ನಡುವಿನ ಪರೀಕ್ಷೆ) 31 ಬಂತು, ಹೆದರಿ ಬಿಟ್ಟಳು. ಎರಡನೇ ಸಲ ಮಿಡ್‌ಟರ್ಮ್ ಬರುವ ಮೊದಲೇ ಬಿಟ್ಟಳು. ಅವಳ ವೀಸಾಕ್ಕೆ ಸೆಮಿಸ್ಟರಿನಲ್ಲಿ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಹಾಗಾಗಿ ಆ ಪೇಪರ್ ತೆಗೆದುಕೊಳ್ಳುವಾಗಲೇ 16 ಹಾಕಿಕೊಳ್ಳುತ್ತಿದ್ದಳು, 4 ಬಿಟ್ಟರೂ 12 ಉಳಿಯಲಿ ಎಂದು. ಆ ಉಳಿದ 12ರಲ್ಲಿ ಕಲ್ಲು, ನಾಟಕ, ಚರಿತ್ರೆ. ಅಪ್ಪ ಮೋಜು ಎಂದುಕೊಂಡಿದ್ದು ಅವಳಿಗೆ ಬೀಳದ ಹಾಗೆ ಕಟ್ಟಿಕೊಂಡ ಬೇಲಿ.

ಇದನ್ನು ಅಪ್ಪನಿಗೆ ನಾನು ಹೇಳುವ ಹಾಗಿರಲಿಲ್ಲ. ಅವಳು ದೊಡ್ಡವಳು, ಅವಳ ಗುಟ್ಟು ಅವಳದು. "ನೀನು ಹೇಳ್ತೀಯಾ, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದೆ. ಮೂರನೇ ಭೇಟಿಯಲ್ಲಿ ಹೇಳಿದಳು. ಅಪ್ಪ ಬೈಯಲಿಲ್ಲ. "ಎರಡು ಸಲವಾ?" ಎಂದು ಕೇಳಿ, ಎದ್ದು ಹೊರಗೆ ಹೋಗಿ, ಹತ್ತು ನಿಮಿಷ ಮಳೆ ನೋಡಿ ಬಂದರು.

ಬಂದ ಮೇಲೆ ಲೆಕ್ಕಕ್ಕೆ ಕೂತೆವು. ನಿಜ ಹೇಳಬೇಕೆಂದರೆ ಈ ಪ್ರಕರಣದಲ್ಲಿ ಸಮಾಧಾನದ ಮಾತಿಗಿಂತ ಕಾಗದ ಪೆನ್ನು ಜಾಸ್ತಿ ಕೆಲಸ ಮಾಡಿತು.

ಅವಳ ಕಾಲೇಜಿನ 120ರಲ್ಲಿ ಸಾಮಾನ್ಯ ಶಿಕ್ಷಣ 40, ಗಣಿತ ಸೇರಿ ಮುಖ್ಯ ವಿಷಯ 56, ಇಷ್ಟದ್ದು 24. ನಾಲ್ಕು ಸೆಮಿಸ್ಟರಿನಲ್ಲಿ ಅವಳು ಹಾಕಿಕೊಂಡಿದ್ದು 58, ಕೈಗೆ ಬಂದದ್ದು 50. ಅದರಲ್ಲಿ ಸಾಮಾನ್ಯ ಶಿಕ್ಷಣ 31, ಮುಖ್ಯ ವಿಷಯ 12, ಇಷ್ಟದ್ದು 7.

"ಕಾಫಿ ಚೆರ್ರಿ ಮಾರುವಾಗ ಚೀಲದ ತೂಕ ಒಂದೇ ನೋಡ್ತೀರಾ?" ಎಂದು ಕೇಳಿದೆ.

"ಇಲ್ಲ, ಓಟಿ ನೋಡ್ಬೇಕು" ಎಂದರು. 50 ಕಿಲೋ ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಬೀಜ ಇಳಿಯುತ್ತದೆ ಎಂಬುದೇ ಓಟಿ. ರೇಟು ಅದರ ಮೇಲೆ.

"ಇಲ್ಲೂ ಹಾಗೇ. ಫೀಸು ಕಟ್ಟಿದ್ದು ಚೀಲ. 120ರ ಒಳಗೆ ಕೂರುವುದು ಓಟಿ. ಈಗ ಹೇಳಿ, ಕಲ್ಲಿನ ಪಾಠ ಎಲ್ಲಿ ಕೂತಿದೆ?"

ಕಲ್ಲಿನ ಎರಡು ಪೇಪರಿನ 8 ಕ್ರೆಡಿಟ್ಟೂ ಲೆಕ್ಕದೊಳಗೇ ಇದ್ದವು, ಒಂದು ಕಡ್ಡಾಯ ವಿಜ್ಞಾನದ ಜಾಗದಲ್ಲಿ, ಇನ್ನೊಂದು ಇಷ್ಟದ ಜಾಗದಲ್ಲಿ. ನಾಟಕ ಕಲೆಯ ಜಾಗದಲ್ಲಿ. ಒಂದೂ ಸಿಪ್ಪೆಯಾಗಿರಲಿಲ್ಲ. ಸಿಪ್ಪೆಯಾದದ್ದು ಬಿಟ್ಟ 8 ಕ್ರೆಡಿಟ್. ಸ್ಕಾಲರ್‌ಶಿಪ್ ಕಳೆದು ಸೆಮಿಸ್ಟರಿಗೆ ಅವಳ ಫೀಸು ಸುಮಾರು 8 ಲಕ್ಷ. 16ರಲ್ಲಿ 4 ಎಂದರೆ ಕಾಲು ಭಾಗ, 2 ಲಕ್ಷ. ಎರಡು ಸಲಕ್ಕೆ 4 ಲಕ್ಷ.

ಹೋದದ್ದು ಅಷ್ಟೇ ಆಗಿದ್ದರೆ ನಾನು ಜಾಸ್ತಿ ಹೇಳುತ್ತಿರಲಿಲ್ಲ. ಆ ಒಂದು ಪೇಪರಿಗೆ ಮುಂದಿನದೆಲ್ಲ ಸರಪಳಿಯ ಹಾಗೆ ಕಟ್ಟಿಕೊಂಡಿತ್ತು. ಅದು ಮುಗಿಯದೆ ಡೇಟಾ ಸ್ಟ್ರಕ್ಚರ್ಸ್ ಎಂಬ ಪೇಪರ್ ಇಲ್ಲ, ಅದಿಲ್ಲದೆ ಅಲ್ಗಾರಿದಮ್ಸ್ ಇಲ್ಲ, ಕೊನೆಯ ಪ್ರಾಜೆಕ್ಟ್ ಇಲ್ಲ. ಈಗ ನಾಲ್ಕು ಸೆಮಿಸ್ಟರ್ ಉಳಿದಿವೆ, ಸರಪಳಿಗೂ ಸರಿಯಾಗಿ ನಾಲ್ಕು ಬೇಕು. ಇನ್ನೊಂದು ಸಲ ಬಿಟ್ಟರೆ ಒಂಬತ್ತನೇ ಸೆಮಿಸ್ಟರ್. ಅವಳ ಸ್ಕಾಲರ್‌ಶಿಪ್ ಎಂಟಕ್ಕೇ ಮುಗಿಯುತ್ತದೆ (ಆ ಸಾಲು ಪತ್ರದ ಎರಡನೇ ಪುಟದಲ್ಲಿತ್ತು, ಮನೆಯಲ್ಲಿ ಯಾರೂ ಓದಿರಲಿಲ್ಲ). ಹಾಗಾಗಿ ಒಂಬತ್ತನೆಯದಕ್ಕೆ ಫೀಸು 11 ಲಕ್ಷ, ಊಟ ವಸತಿ 5 ಲಕ್ಷ. ಅಷ್ಟರಲ್ಲಿ ಪೂರ್ತಿ ತೆಗೆದುಕೊಂಡಿರುವ 60 ಲಕ್ಷಕ್ಕೆ ಆರು ತಿಂಗಳ ಬಡ್ಡಿ ಇನ್ನೊಂದು 3 ಲಕ್ಷ. ಒಟ್ಟು 19. ಅಪ್ಪ ಪೆನ್ನು ಕೆಳಗಿಟ್ಟರು. ಹಳೇ ಸಾಲವೂ ತಡದ ಜೊತೆ ಬೆಳೆಯುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಹಾಗಾದರೆ ಕಡ್ಡಾಯ ವಿಷಯಗಳು ಸಾಲಕ್ಕೆ ಕಾರಣವೇ ಅಲ್ಲ ಎನ್ನಬಹುದಾ? ನಾನು ಹಾಗೆ ಹೇಳುವುದಿಲ್ಲ. 120ರಲ್ಲಿ 40 ಸಾಮಾನ್ಯ ಶಿಕ್ಷಣ ಎಂದರೆ ಮೂರನೇ ಒಂದು ಪಾಲು. ಅದಕ್ಕೂ ಡಾಲರಿನಲ್ಲೇ ಫೀಸು, ನಮ್ಮ ಸಾಲ ರೂಪಾಯಿಯಲ್ಲಿ. ಅಮೆರಿಕಾದಲ್ಲೂ ಇದರ ಮೇಲೆ ಜಗಳ ಇದೆ. ಆದರೆ ಅಲ್ಲಿನ ಮಕ್ಕಳಿಗೆ ಅವರ ಸರ್ಕಾರದ ಸಾಲ ಸಿಗುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಅದು ಸಿಗುವುದಿಲ್ಲ. ನನ್ನ ದೂರು ಕಾಲೇಜಿಗಿಂತ ಕಳಿಸಿಕೊಟ್ಟ ಏಜೆಂಟಿನ ಮೇಲೆ. ಈ 40, 56, 24ರ ಪಟ್ಟಿಯನ್ನು ಹೊರಡುವ ಮೊದಲು ಆತ ಒಮ್ಮೆಯೂ ತೋರಿಸಿರಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು.

ಹುಡುಗಿಗೆ: ಆಗಸ್ಟಿನ ಸೆಮಿಸ್ಟರಿನಲ್ಲಿ ಆ ಪೇಪರನ್ನು ಮೂರನೇ ಸಲ ತೆಗೆದುಕೊಳ್ಳಬೇಕು, ಬೇಲಿ ಇಲ್ಲದೆ. ಮೊದಲ ವಾರದಿಂದಲೇ ಕಾಲೇಜಿನ ಟ್ಯೂಟರಿಂಗ್ ಕೇಂದ್ರಕ್ಕೆ ಹೋಗಬೇಕು, ಅದಕ್ಕೆ ಬೇರೆ ದುಡ್ಡಿಲ್ಲ. ಎರಡು ಸಲ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ, ನಾಚಿಕೆ. ಯಾವ ಕ್ರೆಡಿಟ್ ಎಲ್ಲಿ ಕೂತಿದೆ, ಏನು ಬಾಕಿ ಎಂದು ತೋರಿಸುವ ಡಿಗ್ರಿ ಆಡಿಟ್ ಎಂಬ ಪಟ್ಟಿಯನ್ನು ಅಡ್ವೈಸರ್ ಜೊತೆ ಕೂತು ನೋಡಬೇಕು. ಮಿಡ್‌ಟರ್ಮ್ ಆದ ಮೇಲೂ ಆಗುವುದೇ ಇಲ್ಲ ಎನಿಸಿದರೆ, ಬಿಡುವ ಮೊದಲು ಮನೆಗೆ ಫೋನ್. ಆಗ ಬೇರೆ ಮುಖ್ಯ ವಿಷಯದ ಮಾತು ಆಡೋಣ. ಭೂವಿಜ್ಞಾನ ಎಂದರೂ ಸಸ್ತಾ ಅಲ್ಲ. ಅದಕ್ಕೂ ರಸಾಯನಶಾಸ್ತ್ರದಿಂದ ಶುರುವಾಗುವ ಸರಪಳಿ ಇದೆ, ಜೊತೆಗೆ ಬೇಸಿಗೆಯ ಫೀಲ್ಡ್ ಕ್ಯಾಂಪಿನ ಖರ್ಚು.

ಉಳಿದ 70 ಕ್ರೆಡಿಟನ್ನು ನಾಲ್ಕರಲ್ಲಿ ಹಂಚಿದರೆ ಸೆಮಿಸ್ಟರಿಗೆ 17.5. ಹೆದರುವ ಹುಡುಗಿಗೆ ಅದು ಭಾರ. ಆದರೆ ಅದರಲ್ಲಿ 9 ಸಾಮಾನ್ಯ ಶಿಕ್ಷಣದ್ದು. ಅವನ್ನು ರಜೆಯಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜಿನಿಂದ (ಎರಡು ವರ್ಷದ ಸ್ಥಳೀಯ ಕಾಲೇಜು) ಆನ್‌ಲೈನಿನಲ್ಲಿ ಮಾಡಿದರೆ ಸಾಮಾನ್ಯವಾಗಿ ಖರ್ಚು ಕಡಿಮೆ. ಉಳಿದದ್ದು ಸೆಮಿಸ್ಟರಿಗೆ 15ರ ಹತ್ತಿರ ಬರುತ್ತದೆ. ಆ ಕ್ರೆಡಿಟ್ ತನ್ನ ಕಾಲೇಜಿನಲ್ಲಿ ನಡೆಯುತ್ತದೆ ಎಂದು ಮೊದಲೇ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಬೇಕು, ಹೊರದೇಶದವರಿಗೆ ಎಷ್ಟು ದರ ಎಂದೂ ಕೇಳಬೇಕು. ಅಪ್ಪ ಬೈದ ವಿಷಯಗಳೇ ಅಗ್ಗಕ್ಕೆ ಸಿಗುವಂಥವು ಎಂದು ನಾನು ಹೇಳಿದಾಗ ಇಬ್ಬರೂ ಮೊದಲ ಸಲ ನಕ್ಕರು.

ಅಪ್ಪನಿಗೆ: ಓದುವಾಗ ಸರಳ ಬಡ್ಡಿ ಓಡುತ್ತಿರುತ್ತದೆ. ಕಟ್ಟದೆ ಬಿಟ್ಟರೆ ಕಂತು ಶುರುವಾಗುವಾಗ ಅದೂ ಅಸಲಿಗೆ ಸೇರುತ್ತದೆ. 30 ಲಕ್ಷಕ್ಕೆ ತಿಂಗಳಿಗೆ 25 ಸಾವಿರ. "ತಿಂಗಳು ತಿಂಗಳು ಎಲ್ಲಿಂದ ತರಲಿ? ಕಾಫಿ ದುಡ್ಡು ಬರೋದು ವರ್ಷಕ್ಕೆ ಒಂದೇ ಸಲ" ಎಂದರು. ಸರಿ, ಹಾಗಾದರೆ ರೋಬಸ್ಟಾ ಮಾರಿದ ಮೇಲೆ ಮಾರ್ಚಿನಲ್ಲಿ ಆ ವರ್ಷದ ಬಡ್ಡಿ ಒಟ್ಟಿಗೇ ಕಟ್ಟಿ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಶೇಕಡಾ 1 ಕಡಿಮೆ ಮಾಡುತ್ತವೆ. ವರ್ಷಕ್ಕೊಮ್ಮೆ ಕಟ್ಟಿದರೂ ಅದು ಸಿಗುತ್ತದಾ ಎಂದು ಮಂಜೂರಾತಿ ಪತ್ರ ಹಿಡಿದು ಮ್ಯಾನೇಜರನ್ನೇ ಕೇಳಿ. ಒಂದು ವೇಳೆ ಒಂಬತ್ತನೇ ಸೆಮಿಸ್ಟರ್ ಬಂದೇ ಬಂದರೆ, ಮರುಪಾವತಿ ಮುಂದೂಡಲು ಮೊದಲೇ ಅರ್ಜಿ ಕೊಡಿ. ಕಂತು ತಪ್ಪಿದ ಮೇಲೆ ಹೋಗಬೇಡಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ರಿಯಾಯಿತಿ ಬಗ್ಗೆ ಯಾರೋ ಹೇಳಿದ್ದರಂತೆ. ಬರೀ ಚೆರ್ರಿ ಮಾರುವವರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲವಲ್ಲ, ರಿಯಾಯಿತಿ ತೆಗೆದುಕೊಂಡು ಏನು ಮಾಡುತ್ತೀರಿ ಎಂದೆ.

ಇನ್ನೊಂದು ಮಾತು ಅಪ್ಪನಿಗೆ ಬೇರೆಯಾಗಿ ಹೇಳಿದೆ. ನಾಲ್ಕು ಎಕರೆ ಅಡ ಇಟ್ಟಿದ್ದನ್ನು ಪ್ರತಿ ಫೋನಿನಲ್ಲೂ ನೆನಪಿಸಬೇಡಿ. ಅವಳಿಗೆ ಅದು ಗೊತ್ತು. ಗೊತ್ತಿದ್ದರಿಂದಲೇ 31 ಅಂಕ ನಿಮಗೆ ಹೇಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅವರ ಫೋನ್ ಬಂತು. ಮಗಳು ಹೋಗಿ ಒಂದು ವಾರವಾಗಿತ್ತು. ತೋಟದ ಕ್ಯಾಲೆಂಡರಿನಲ್ಲಿ, ಮಳೆ ಬಿಡುವು ಕೊಟ್ಟರೆ ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವ ದಿನದ ಕೆಳಗೇ ಪೇಪರ್ ಬಿಡುವ ಎರಡು ಗಡುವುಗಳನ್ನೂ ಬರೆದುಕೊಂಡಿದ್ದಾರಂತೆ: ಬೇಗ ಬಿಟ್ಟರೆ ಪೂರ್ತಿ ದುಡ್ಡು ವಾಪಸ್ ಬರುವುದು, ತಡವಾದರೆ ಡಬ್ಲ್ಯೂ ಬೀಳುವುದು.

"ಮೊದಲನೇದು ನಾಳಿದ್ದು ಮೇಡಂ. ಅವಳು ಏನೂ ಹೇಳಿಲ್ಲ. ನಾನು ಕೇಳ್ಲಾ, ಬೇಡ್ವಾ?"

"ಊಟ ಆಯ್ತಾ ಅಂತ ಕೇಳಿ" ಎಂದೆ.